ಸದ್ದು ನುಂಗಿದ್ದು ಬ್ಯಾಟರಿಯಲ್ಲ, ಟರ್ಬೈನ್

ಓದುಗರ ಪತ್ರ (ಸಂಗ್ರಹಿಸಿದ್ದು): "ಕಳೆದ ಸಂಚಿಕೆಯಲ್ಲಿ ಹೈಬ್ರಿಡ್ ರೇಸ್ ಕಾರುಗಳನ್ನು ಬಾಯ್ತುಂಬ ಹೊಗಳಿದ್ದೀರಿ. ಹತ್ತು ಸಿಲಿಂಡರಿನ ವಿ10 ಎಂಜಿನ್ ಕಾಲದಿಂದ ಫಾರ್ಮುಲಾ ಒನ್ ನೋಡುತ್ತಾ ಬಂದ ನನ್ನಂಥವರಿಗೆ ಇವು ವ್ಯಾಕ್ಯೂಮ್ ಕ್ಲೀನರ್ ಥರ ಕೇಳಿಸುತ್ತವೆ. ಬ್ಯಾಟರಿ ತುರುಕಿ ಸದ್ದನ್ನೇ ಕೊಂದುಬಿಟ್ಟರು. ಗೆಳೆಯನೊಬ್ಬ ಈಗಿನ ಕಾರುಗಳೇ ವೇಗ ಅನ್ನುತ್ತಾನೆ. ಹಳೆಯ ವಿಡಿಯೊ ಹಾಕಿ ಸದ್ದು ಕೇಳಿಸಿದರೂ ಪಟ್ಟು ಬಿಡುವುದಿಲ್ಲ. ಹೈಬ್ರಿಡ್ ಕಿತ್ತುಹಾಕಿ ವಿ10 ತಂದರೆ ಆ ಸದ್ದು ಮರಳುತ್ತದೆಯೇ?"

ಸಂಪಾದಕರ ಉತ್ತರ:

ಸದ್ದು ಹೋದದ್ದು ನಿಜ, ಅದರಲ್ಲಿ ತಕರಾರಿಲ್ಲ. ಆದರೆ ನೀವು ಹಿಡಿದಿರುವ ಕಳ್ಳ ಬೇರೆ, ಕದ್ದವನೇ ಬೇರೆ.

2009ರ ಕಾರುಗಳನ್ನು ನೆನಪಿಸಿಕೊಳ್ಳಿ. ಆ ವರ್ಷ ಕೆಲವು ತಂಡಗಳು, 2011ರಿಂದ 2013ರವರೆಗೆ ಹೆಚ್ಚಿನ ತಂಡಗಳು ಕರ್ಸ್ ಬಳಸಿದವು. ಬ್ರೇಕ್ ಹಿಡಿದಾಗ ಶಕ್ತಿ ಕೂಡಿಟ್ಟುಕೊಂಡು, ಲ್ಯಾಪ್‌ಗೆ 400 ಕಿಲೋಜೂಲ್‌ನಷ್ಟನ್ನು 60 ಕಿಲೋವ್ಯಾಟ್ ದರದಲ್ಲಿ, ಅಂದರೆ ಆರೂಮುಕ್ಕಾಲು ಸೆಕೆಂಡಿಗೆ ತುಸು ಕಡಿಮೆ ಹೊತ್ತು, ಚಕ್ರಗಳಿಗೆ ಕೊಡುವ ಏರ್ಪಾಡು ಅದು. ಮೋಟರು, ಬ್ಯಾಟರಿ, ಕಂಟ್ರೋಲರ್ ಎಲ್ಲವೂ ಇದ್ದವು. ಲೆಕ್ಕದ ಪ್ರಕಾರ ಅವೂ ಹೈಬ್ರಿಡ್ ಕಾರುಗಳೇ. ಆದರೂ 2.4 ಲೀಟರ್ ವಿ8 ಎಂಜಿನ್ 18,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಕಿರುಚುವುದನ್ನು ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಇವತ್ತಿನ ಸಾಕ್ಷಿ ಬೇಕಿದ್ದರೆ ಸಹಿಷ್ಣುತಾ ರೇಸ್‌ಗಳಲ್ಲಿ ಓಡುವ ಕ್ಯಾಡಿಲಾಕ್ ವಿ-ಸೀರೀಸ್.ಆರ್ ಇದೆ. ಅದೂ ಹೈಬ್ರಿಡ್ಡೇ. ಆದರೆ ಅದರ 5.5 ಲೀಟರ್ ವಿ8ಗೆ ಟರ್ಬೊ, ಅಂದರೆ ಹೊಗೆಯ ರಭಸದಿಂದ ಟರ್ಬೈನ್ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ, ಇಲ್ಲ. ಪಕ್ಕದಲ್ಲಿ ಹಾದುಹೋದರೆ ಎದೆ ನಡುಗುತ್ತದೆ. ಅದೇ ಟ್ರ್ಯಾಕ್‌ನಲ್ಲಿ ಓಡುವ ಫೆರಾರಿ 499ಪಿಗೆ 3 ಲೀಟರ್ ವಿ6, ಎರಡು ಟರ್ಬೊ. ಅದರ ಸದ್ದು ಎಷ್ಟೋ ತಗ್ಗಿದ್ದು. ಎರಡರಲ್ಲೂ ಬ್ಯಾಟರಿ ಇದೆ. ಟರ್ಬೊ ಇರುವುದು ಒಂದರಲ್ಲಿ ಮಾತ್ರ.

ಹಾಗಾದರೆ 2014ರಲ್ಲಿ ಆದದ್ದೇನು? ಮೊದಲು ಸ್ವರದ ಲೆಕ್ಕ ನೋಡೋಣ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಆರ್‌ಪಿಎಂ ಅನ್ನು ಸಿಲಿಂಡರ್ ಸಂಖ್ಯೆಯಿಂದ ಗುಣಿಸಿ 120ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಸ್ಫೋಟ ಎಂಬುದು ಸಿಗುತ್ತದೆ. ವಿ10, 19,000 ಆರ್‌ಪಿಎಂ: ಸುಮಾರು 1,580 ಹರ್ಟ್ಜ್. ವಿ8, 18,000: 1,200. ಹೈಬ್ರಿಡ್ ವಿ6, 12,000: ಬರೀ 600. ನಿಯಮ ಪುಸ್ತಕ ಈ ವಿ6ಗೆ 15,000 ಆರ್‌ಪಿಎಂವರೆಗೆ ಅವಕಾಶ ಕೊಟ್ಟಿತ್ತು. ಆದರೂ ಯಾರೂ ಅಲ್ಲಿಗೆ ಹೋಗಲಿಲ್ಲ, ಏಕೆ?

ಏಕೆಂದರೆ ಪೆಟ್ರೋಲಿನ ನಲ್ಲಿಯನ್ನೇ ಬಿಗಿದಿದ್ದರು. ಗಂಟೆಗೆ 100 ಕಿಲೋಗಿಂತ ಹೆಚ್ಚು ಇಂಧನ ಹರಿಯುವಂತಿರಲಿಲ್ಲ. 10,500ಕ್ಕಿಂತ ಕೆಳಗೆ ಇನ್ನೂ ಕಡಿಮೆ: ಆರ್‌ಪಿಎಂ ಅನ್ನು 0.009ರಿಂದ ಗುಣಿಸಿ 5.5 ಕೂಡಿದರೆ ಬರುವಷ್ಟೇ ಕಿಲೋ. 10,500ರಲ್ಲಿ ಈ ಲೆಕ್ಕ ಸರಿಯಾಗಿ 100ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮೇಲೆ ಎಂಜಿನ್ ಎಷ್ಟೇ ಜೋರಾಗಿ ತಿರುಗಿದರೂ ಒಂದು ಹನಿಯೂ ಹೆಚ್ಚಿಗೆ ಸಿಗುತ್ತಿರಲಿಲ್ಲ, ಘರ್ಷಣೆ ಮಾತ್ರ ಏರುತ್ತಿತ್ತು. ಹಾಗಾಗಿ 12,000ರ ಆಸುಪಾಸಿನಲ್ಲೇ ಗೇರ್ ಏರಿಸುತ್ತಿದ್ದರು, ಮುಂದಿನ ಗೇರ್ ಬಿದ್ದಾಗ ಎಂಜಿನ್ ಸರಿಯಾಗಿ 10,500ರ ಹತ್ತಿರ ಬಂದು ಕೂರಲಿ ಎಂದು. ಹಳೆಯ ವಿ10ಗಳಿಗೆ ಈ ಮಿತಿ ಇರಲಿಲ್ಲ. ಅಲ್ಲಿ ಹೆಚ್ಚು ಸುತ್ತು ಅಂದರೆ ಹೆಚ್ಚು ಗಾಳಿ, ಹೆಚ್ಚು ಗಾಳಿ ಅಂದರೆ ಹೆಚ್ಚು ಶಕ್ತಿ. 2003ರಲ್ಲಿ ಬಿಎಂಡಬ್ಲ್ಯುನ ಪಿ83 ಎಂಜಿನ್ 19,200ಕ್ಕೆ ಮುಟ್ಟಿದ್ದು ಈ ಕಾರಣಕ್ಕೇ ಹೊರತು ಗ್ಯಾಲರಿಯಲ್ಲಿ ಕೂತವರ ಕಿವಿತಂಪಿಗಲ್ಲ.

ಇನ್ನು ಟರ್ಬೈನ್. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಎಕ್ಸಾಸ್ಟ್ ವಾಲ್ವ್ ತೆರೆದ ಕ್ಷಣ, ಸಿಲಿಂಡರಿನಲ್ಲಿ ಉಳಿದ ಒತ್ತಡ ಒಂದೇ ಏಟಿಗೆ ಪೈಪಿಗೆ ನುಗ್ಗುತ್ತದೆ. ನಾವು ಕೇಳುವ ಸದ್ದು ಬಹುಮಟ್ಟಿಗೆ ಆ ಏಟುಗಳ ಸಾಲು. ಟರ್ಬೊ ಕಾರಿನಲ್ಲಿ ಆ ಏಟು ಮೊದಲು ಬೀಳುವುದು ಟರ್ಬೈನಿನ ರೆಕ್ಕೆಗಳ ಮೇಲೆ. ಏಟಿನ ಮೊನೆ ಅಲ್ಲೇ ಮೊಂಡಾಗುತ್ತದೆ. 2014ರ ಎಂಜಿನ್‌ಗಳಲ್ಲಿ ಟರ್ಬೈನಿನ ಅಕ್ಷಕ್ಕೆ ಎಂಜಿಯು-ಎಚ್ ಎಂಬ ಜನರೇಟರನ್ನೂ ಜೋಡಿಸಿದ್ದರು. 1,25,000 ಆರ್‌ಪಿಎಂವರೆಗೆ ತಿರುಗಬಲ್ಲ ಇದು ಹೊಗೆಯಲ್ಲಿ ಉಳಿದ ಶಕ್ತಿಯನ್ನೂ ಹಿಂಡಿ ವಿದ್ಯುತ್ ಮಾಡುತ್ತಿತ್ತು. ಇಷ್ಟಾದ ಮೇಲೆ ಆರೂ ಸಿಲಿಂಡರುಗಳ ಉಸಿರು ಹೊರಬೀಳಬೇಕಾದದ್ದು ಒಂದೇ ಪೈಪಿನಿಂದ. ಅದೂ ನಿಯಮವೇ. ಇಲ್ಲಿ ನಿಮಗೆ ಒಂದು ಮಾತು ಬಿಟ್ಟುಕೊಡಬೇಕು: ಎಂಜಿಯು-ಎಚ್ ಹೈಬ್ರಿಡ್ ವ್ಯವಸ್ಥೆಯ ಭಾಗವೇ, ಸದ್ದು ತಗ್ಗಿಸಿದ್ದರಲ್ಲಿ ಅದಕ್ಕೂ ಪಾಲಿದೆ. ಆದರೆ ಅದನ್ನು ತೆಗೆದು ಟರ್ಬೊ ಉಳಿಸಿದರೂ ವಿ10 ಸದ್ದು ಬರುವುದಿಲ್ಲ.

ಸ್ವರ ಬರೀ ತಗ್ಗಿದ್ದಲ್ಲ, ಒರಟೂ ಆಯಿತು. ಹೊಸ ವಿ6ನ ಎರಡು ಸಾಲುಗಳ ನಡುವೆ 90 ಡಿಗ್ರಿ ಕೋನ, ಪಿಸ್ಟನ್‌ಗಳು ತಿರುಗಿಸುವ ಅಕ್ಷವಾದ ಕ್ರ್ಯಾಂಕ್‌ನಲ್ಲಿ ಮೂರೇ ಪಿನ್. ಎರಡನ್ನೂ ನಿಯಮವೇ ಕಡ್ಡಾಯ ಮಾಡಿತ್ತು. ಇದರಿಂದ ಸ್ಫೋಟಗಳು ಸಮ ಅಂತರದಲ್ಲಿ ಬೀಳುವುದಿಲ್ಲ. ಒಮ್ಮೆ 90 ಡಿಗ್ರಿ, ಮರುಸಲ 150 ಡಿಗ್ರಿ. ಕುಂಟು ಲಯ. 600 ಹರ್ಟ್ಜ್ ಸ್ವರದ ಕೆಳಗೆ ಅದರ ಅರ್ಧದ, 300 ಹರ್ಟ್ಜ್‌ನ ಗೊಗ್ಗರು ದನಿಯೊಂದು ಸದಾ ಸೇರಿಕೊಂಡಿರುತ್ತದೆ. ಮನುಷ್ಯರ ಕಿವಿ ಅತಿ ಚುರುಕಾಗಿರುವುದು ಸುಮಾರು 2,000ದಿಂದ 5,000 ಹರ್ಟ್ಜ್ ನಡುವೆ. ವಿ10ನ ಮೂಲಸ್ವರದ ಇಮ್ಮಡಿ, ಅಂದರೆ 3,000 ಚಿಲ್ಲರೆ, ನೇರವಾಗಿ ಅಲ್ಲಿಗೇ ಬಂದು ಚುಚ್ಚುತ್ತಿತ್ತು.

ಸದ್ದಿನ ಗಲಾಟೆ ನಿಮ್ಮಿಂದಲೇ ಶುರುವಾದದ್ದೇನಲ್ಲ. 2014ರ ಮೊದಲ ರೇಸ್ ಮೆಲ್ಬರ್ನ್‌ನಲ್ಲಿ ಮುಗಿಯುತ್ತಿದ್ದಂತೆ ಅಲ್ಲಿನ ಆಯೋಜಕರೇ ಬಹಿರಂಗವಾಗಿ ದೂರಿದರು. ಅದೇ ವರ್ಷದ ಮೇ ತಿಂಗಳಲ್ಲಿ ಬಾರ್ಸಿಲೋನಾ ಪರೀಕ್ಷೆಯಲ್ಲಿ ಮರ್ಸಿಡಿಸ್ ಕಾರಿನ ಹಿಂದೆ ತುತ್ತೂರಿಯಂಥ ದೊಡ್ಡ ಬಾಯಿಯ ಪೈಪ್ ಕಟ್ಟಿ ನಿಕೋ ರೋಸ್ಬರ್ಗ್ ಓಡಿಸಿದರು. ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಏಟಿನ ಶಕ್ತಿ ಟರ್ಬೈನ್‌ನಲ್ಲೇ ಖರ್ಚಾಗಿ ಹೋಗಿರುವಾಗ ತುದಿಗೆ ತುತ್ತೂರಿ ಕಟ್ಟಿ ಪ್ರಯೋಜನವೇನು? 2016ರ ಬದಲಾವಣೆಗೆ ಸ್ವಲ್ಪ ಅರ್ಥವಿತ್ತು. ವೇಸ್ಟ್‌ಗೇಟ್, ಅಂದರೆ ಟರ್ಬೈನಿಗೆ ಹೆಚ್ಚಾದ ಹೊಗೆಯನ್ನು ಹೊರಬಿಡುವ ಕವಾಟ, ಬಿಡುವ ಹೊಗೆಗೆ ಪ್ರತ್ಯೇಕ ಪೈಪ್ ಕಡ್ಡಾಯವಾಯಿತು. ವೇಸ್ಟ್‌ಗೇಟ್ ತೆರೆದಾಗ ಹೊಗೆ ಟರ್ಬೈನನ್ನು ಮುಟ್ಟದೆ ಪಕ್ಕದಿಂದ ನೇರ ಹೊರಬರುವುದರಿಂದ ಸದ್ದು ಏರುತ್ತದೆ. ಆದರೆ ರೇಸ್‌ನಲ್ಲಿ ಅದನ್ನು ತೆರೆಯುತ್ತಿದ್ದುದೇ ಕಡಿಮೆ, ಎಂಜಿಯು-ಎಚ್‌ಗೆ ಹೋಗಬೇಕಾದ ಶಕ್ತಿ ಸುಮ್ಮನೆ ಪೋಲಾಗುತ್ತಿತ್ತಲ್ಲ! ರೇಸ್‌ನಲ್ಲಿ ಯಾರು ಮುಂದೆ ನಿಲ್ಲಬೇಕೆಂದು ತೀರ್ಮಾನಿಸುವ ಕ್ವಾಲಿಫೈಯಿಂಗ್‌ನಲ್ಲಿ ಲೆಕ್ಕವೇ ಬೇರೆ. ಒಂದೇ ಲ್ಯಾಪ್, ಬ್ಯಾಟರಿ ಬರಿದಾದರೂ ಚಿಂತೆಯಿಲ್ಲ. ಟರ್ಬೊವನ್ನು ಬ್ಯಾಟರಿಯಿಂದಲೇ ತಿರುಗಿಸಿ, ವೇಸ್ಟ್‌ಗೇಟ್ ತೆರೆದಿಟ್ಟು, ಎಂಜಿನ್ನಿನ ಉಸಿರುಗಟ್ಟುವಿಕೆಯನ್ನು ತಪ್ಪಿಸುತ್ತಿದ್ದರು. ಒಂದೇ ಕಾರು ಶನಿವಾರ ಜೋರಾಗಿಯೂ ಭಾನುವಾರ ಮೆತ್ತಗೂ ಕೇಳಿಸುತ್ತಿದ್ದುದರ ಗುಟ್ಟು ಇಷ್ಟೇ.

ವೇಗದ ವಿಚಾರದಲ್ಲಿ ನಿಮ್ಮ ಗೆಳೆಯರದ್ದು ಸರಿ, ಆದರೆ ಅವರು ಅಂದುಕೊಂಡಷ್ಟು ಸಲೀಸಾಗಿ ಅಲ್ಲ. 2004ರಲ್ಲಿ ಇಟಲಿಯ ಮೊಂಜಾ ಟ್ರ್ಯಾಕ್‌ನಲ್ಲಿ ಹುವಾನ್ ಪಾಬ್ಲೋ ಮೊಂಟೋಯಾ ವಿಲಿಯಮ್ಸ್-ಬಿಎಂಡಬ್ಲ್ಯುನಲ್ಲಿ 1 ನಿಮಿಷ 19.525 ಸೆಕೆಂಡಿನ ಲ್ಯಾಪ್ ಹಾಕಿದರು, ಸರಾಸರಿ ಗಂಟೆಗೆ 262.242 ಕಿ.ಮೀ. ಅದನ್ನು ಮುರಿಯಲು ಹದಿನಾಲ್ಕು ವರ್ಷ ಹಿಡಿಯಿತು. 2018ರಲ್ಲಿ ಕಿಮಿ ರಾಯ್ಕೊನೆನ್ 1:19.119, 2020ರಲ್ಲಿ ಲೂಯಿಸ್ ಹ್ಯಾಮಿಲ್ಟನ್ 1:18.887. ಇದರ ಜೊತೆಗೇ ಇನ್ನೊಂದನ್ನು ಇಟ್ಟು ನೋಡಿ: ಮೊಂಟೋಯಾ ಕಾರು ಚಾಲಕನೂ ಸೇರಿ 600 ಕಿಲೋದ ಆಸುಪಾಸು, ಹ್ಯಾಮಿಲ್ಟನ್‌ರದ್ದು ಕನಿಷ್ಠ 746. ಅಷ್ಟು ಭಾರ ಹೊತ್ತೂ ಗೆದ್ದದ್ದರಲ್ಲಿ ಎಂಜಿನ್ನಿಗೆ ಎಷ್ಟು ಪಾಲೋ, ಗೀರಿಲ್ಲದ ಅಗಲ ಟೈರಿಗೂ ನೇರ ದಾರಿಯಲ್ಲಿ ತೆರೆದುಕೊಳ್ಳುವ ಹಿಂದಿನ ರೆಕ್ಕೆಗೂ ಅಷ್ಟೇ ಪಾಲಿದೆ. 2004ರಲ್ಲಿ ಟೈರಿಗೆ ಗೀರು ಕಡ್ಡಾಯವಿತ್ತು.

ಎಂಜಿನ್ ಒಂದನ್ನೇ ತೂಗಿದರೆ ಹೈಬ್ರಿಡ್‌ನ ಎದುರು ವಿ8 ಆಗಲಿ ವಿ10 ಆಗಲಿ ನಿಲ್ಲುವುದಿಲ್ಲ. ವಿ8 ತಾನು ಕುಡಿದ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು 30 ಪ್ರತಿಶತವನ್ನಷ್ಟೇ ಕೆಲಸಕ್ಕೆ ಹಚ್ಚುತ್ತಿತ್ತು. 2017ರಲ್ಲಿ ಮರ್ಸಿಡಿಸ್ ತನ್ನ ಎಂಜಿನ್ ಪರೀಕ್ಷಾ ಕೋಣೆಯಲ್ಲಿ 50 ಪ್ರತಿಶತ ದಾಟಿದೆ ಎಂದು ಪ್ರಕಟಿಸಿತು. ಗಂಟೆಗೆ 100 ಕಿಲೋ ಇಂಧನದಲ್ಲಿ ಹೆಚ್ಚುಕಡಿಮೆ 1,200 ಕಿಲೋವ್ಯಾಟ್ ಇರುತ್ತದೆ, ಅದರ ಅರ್ಧ ಎಂದರೆ 800 ಅಶ್ವಶಕ್ತಿ. ಮೇಲೆ ಮೋಟರಿನ 120 ಕಿಲೋವ್ಯಾಟ್ ಬೇರೆ. ಅಂದಹಾಗೆ, ನಿಜವಾದ ದೂರು ಹೇಳಬೇಕಿದ್ದರೆ ಅದು ತೂಕದ ಬಗ್ಗೆ ಇರಬೇಕು. 2022ಕ್ಕೆ ಕನಿಷ್ಠ ತೂಕ 798 ಕಿಲೋ ಮುಟ್ಟಿತು. ನಿಧಾನ ತಿರುವಿನಲ್ಲಿ ಕಾರು ಮೈ ಹೊರಳಿಸುವ ರೀತಿಯಲ್ಲೇ ಅದು ಕಾಣುತ್ತಿತ್ತು. ಸದ್ದಿನ ಗದ್ದಲದಲ್ಲಿ ಈ ಮಾತು ಯಾರಿಗೂ ಕೇಳಿಸಲಿಲ್ಲ.

ವಿಡಿಯೊ ಹಾಕಿ ವಾದ ಗೆಲ್ಲುವ ಆಸೆ ಬಿಡಿ. ಕಾರಿನೊಳಗಿನ ಮೈಕ್ ಗಾಳಿ ಎಳೆಯುವ ಬಾಯಿಯ ಹತ್ತಿರವಿದ್ದರೆ ಕೇಳಿಸುವುದು ಇನ್‌ಟೇಕ್ ಸದ್ದು, ಎಕ್ಸಾಸ್ಟ್‌ದಲ್ಲ. ಫೋನಿನ ರೆಕಾರ್ಡರ್ ಜೋರು ಸದ್ದನ್ನು ತಾನೇ ತಗ್ಗಿಸಿ, ಮೆಲ್ಲನೆಯದನ್ನು ತಾನೇ ಏರಿಸುತ್ತದೆ. ಹಾಗಾಗಿ ಎರಡೂ ಕಾರು ಒಂದೇ ಗಟ್ಟಿಯಾಗಿ ಕೇಳಿಸುತ್ತವೆ. ಹಳೆಯ ಪ್ರಸಾರಗಳಲ್ಲಿ ಮೈಕ್ ತಡೆಯಲಾರದೆ ಸೀಳಿದ ದನಿಯನ್ನೇ ಎಂಜಿನ್ನಿನ ದನಿ ಎಂದು ನಂಬಿದವರೂ ಇದ್ದಾರೆ. 2001ರಿಂದ 2007ರವರೆಗಿನ ಕಾರುಗಳು ತಿರುವಿನಿಂದ ಹೊರಬರುವಾಗ ಕೇಳುವ ಆ 'ಬ್ರ್ರ್ರ್' ಎಂಬ ತೊದಲು ಕೂಡ ಎಂಜಿನ್ನಿನ ಸಹಜ ಸ್ವರವಲ್ಲ. ಚಕ್ರ ಜಾರದಂತೆ ಟ್ರ್ಯಾಕ್ಷನ್ ಕಂಟ್ರೋಲ್ ಸಿಲಿಂಡರುಗಳನ್ನು ಕ್ಷಣಕ್ಷಣಕ್ಕೆ ಆರಿಸುವ ಸದ್ದು ಅದು. 2008ರಲ್ಲಿ ಅದನ್ನು ನಿಷೇಧಿಸಿದ ಮೇಲೆ ಆ ತೊದಲೂ ನಿಂತಿತು.

ಖಚಿತವಾಗಿ ಹೋಲಿಸಲೇಬೇಕು ಎಂದಿದ್ದರೆ ನೇರ ದಾರಿಯ ಪಕ್ಕ ಒಂದೇ ಜಾಗ, ಒಂದೇ ದೂರದಲ್ಲಿ ನಿಲ್ಲಿ. ರೆಕಾರ್ಡರ್ ಸದ್ದನ್ನು ತಾನೇ ಏರಿಸಿ ಇಳಿಸುವ ಸ್ವಯಂಚಾಲಿತ ಗೇನ್ ಆರಿಸಿ, ಅತಿ ಜೋರು ಸದ್ದು ಅದರ ಮೀಟರಿನ ಮೈನಸ್ 12 ಡೆಸಿಬೆಲ್ ಗೆರೆ ದಾಟದಂತೆ ಕೈಯಲ್ಲೇ ಹೊಂದಿಸಿ. ಎಂಪಿ3 ಬೇಡ, ವೇವ್ ಕಡತವಾಗಿ ಉಳಿಸಿ. ಆಮೇಲೆ ಸ್ಪೆಕ್ಟ್ರೋಗ್ರಾಮ್ (ಯಾವ ಹೊತ್ತಿಗೆ ಯಾವ ಸ್ವರ ಎಷ್ಟು ಗಟ್ಟಿ ಎಂಬುದರ ಚಿತ್ರ) ತೋರಿಸುವ ಯಾವುದೇ ತಂತ್ರಾಂಶದಲ್ಲಿ ತೆರೆದರೆ ದಟ್ಟ ಗೆರೆಯೊಂದು ಕಾರು ಹಾದುಹೋಗುವ ಹೊತ್ತಿಗೆ ಸರ್ರನೆ ಕೆಳಗಿಳಿಯುವುದು ಕಾಣುತ್ತದೆ. ಕಾರು ಹತ್ತಿರ ಬರುವಾಗ ಸ್ವರ ಏರಿ, ದೂರ ಸರಿಯುವಾಗ ಇಳಿಯುವ ಡಾಪ್ಲರ್ ಪರಿಣಾಮ ಅದು. ಬರುವಾಗಿನ ಮತ್ತು ಹೋಗುವಾಗಿನ ಹರ್ಟ್ಜ್ ಎರಡನ್ನೂ ಓದಿಕೊಂಡು, ಗುಣಿಸಿ, ಇಮ್ಮಡಿಸಿ, ಅವೆರಡರ ಮೊತ್ತದಿಂದ ಭಾಗಿಸಿ. 1,980 ಮತ್ತು 1,207 ಬಂದರೆ ನಿಜವಾದ ಸ್ವರ 1,500. ಅದನ್ನು 120ರಿಂದ ಗುಣಿಸಿ ಸಿಲಿಂಡರ್ ಸಂಖ್ಯೆಯಿಂದ ಭಾಗಿಸಿದರೆ ವಿ10ಗೆ 18,000 ಆರ್‌ಪಿಎಂ. ವಿ6 ಅಳೆಯುವಾಗ ಎಡವುವುದು ಆ ಕುಂಟು ಲಯದ ಕೆಳಗೆರೆಯಲ್ಲಿ. ಅದನ್ನೇ ಮೂಲಸ್ವರ ಎಂದು ಹಿಡಿದರೆ ಎಂಜಿನ್ 6,000ದಲ್ಲಿ ತಿರುಗಿದಂತೆ ಲೆಕ್ಕ ಬರುತ್ತದೆ. ಹಾಗೆ ಬಂದರೆ ಇಮ್ಮಡಿ ಎತ್ತರದಲ್ಲಿರುವ ಗೆರೆಯನ್ನು ಹುಡುಕಿ. ಹಳೆಯ ಕಾರಿನ ಪ್ರದರ್ಶನಕ್ಕೆ ಹೋದರೆ ಸ್ಪಂಜಿನ ಇಯರ್‌ಪ್ಲಗ್ ಮರೆಯಬೇಡಿ. 115 ಡೆಸಿಬೆಲ್ ಸದ್ದಿಗೆ ದಿನವೊಂದಕ್ಕೆ ಅರ್ಧ ನಿಮಿಷವೂ ಸುರಕ್ಷಿತವಲ್ಲ. ಮತ್ತೆ, ಅಲ್ಲಿ ಅಳೆದ ಆರ್‌ಪಿಎಂ ರೇಸ್ ದಿನಗಳದ್ದೆಂದು ತಿಳಿಯಬೇಡಿ. ಬಿಡಿಭಾಗ ಸಿಗದ ಎಂಜಿನ್ ಉಳಿಯಲಿ ಎಂದು ಮಿತಿ ತಗ್ಗಿಸಿ ಓಡಿಸುವುದು ವಾಡಿಕೆ.

ಕೊನೆಯ ಪ್ರಶ್ನೆ, ವಿ10 ಮರಳಿದರೆ? 2025ರಲ್ಲಿ ಮೋಟಾರು ರೇಸ್‌ಗಳ ಜಾಗತಿಕ ಆಡಳಿತ ಸಂಸ್ಥೆಯಾದ ಎಫ್‌ಐಎ ಅಧ್ಯಕ್ಷ ಮೊಹಮ್ಮದ್ ಬೆನ್ ಸುಲಾಯೆಮ್ ಸುಸ್ಥಿರ ಇಂಧನದ ವಿ10 ಬಗ್ಗೆ ಮಾತೆತ್ತಿದರು, ಮುಂದೆ ಮಾತು ವಿ8 ಕಡೆಗೆ ಹೊರಳಿತು. ಅಷ್ಟರಲ್ಲಿ 2026ರ ನಿಯಮ ಎಂಜಿಯು-ಎಚ್ ಅನ್ನು ತೆಗೆದು, ಮೋಟರನ್ನು 350 ಕಿಲೋವ್ಯಾಟ್‌ಗೆ ಏರಿಸಿ, ವಿ6 ಟರ್ಬೊವನ್ನು ಹಾಗೇ ಉಳಿಸಿಕೊಂಡಿತು. ಯಾವ ಹೆಸರು ಬಂದರೂ ಸಿಲಿಂಡರ್ ಎಣಿಸಿ ಹಿಗ್ಗಬೇಡಿ. 2006ರಲ್ಲಿ ಉಳಿದವರೆಲ್ಲ ವಿ8ಗೆ ಹೋದಾಗ ಟೋರೋ ರೊಸ್ಸೊ ತಂಡ ಹಳೆಯ ವಿ10 ಅನ್ನೇ ಓಡಿಸಿತು. ಗಾಳಿಯ ಬಾಯಿಗೆ ಹರಿವನ್ನು ಕಿರಿದುಗೊಳಿಸುವ 77 ಮಿಲಿಮೀಟರ್ ರಿಸ್ಟ್ರಿಕ್ಟರ್, ಮೇಲೆ 16,700ರ ಕಡಿವಾಣ. ಸ್ವರ 1,400 ಹರ್ಟ್ಜ್ ಒಳಗೇ ನಿಂತಿತು. 15,000ಕ್ಕೆ ಕಟ್ಟಿಹಾಕಿದ ವಿ8 ಬಂದರೆ ಸಿಗುವುದು 1,000 ಹರ್ಟ್ಜ್. ಹಾಗಾಗಿ ಕರಡು ನಿಯಮ ಹೊರಬಂದ ದಿನ ಮೊದಲು ಆರ್‌ಪಿಎಂ ಮಿತಿ ನೋಡಿ, ಆಮೇಲೆ ಇಂಧನ ಹರಿವಿನ ಮಿತಿ, ಆಮೇಲೆ ಟರ್ಬೊ ಇದೆಯೇ ಮತ್ತು ಪೈಪು ಎಷ್ಟು ಎಂಬುದು. ಬ್ಯಾಟರಿಯ ಪುಟವನ್ನು ಕೊನೆಗೆ ಓದಿದರೂ ನಡೆಯುತ್ತದೆ.

– ಸಂ.