ಹಿಮ ಬೀಳದ ದೇಶದವರು ಬಾಬ್‌ಸ್ಲೆಡ್‌ನಲ್ಲಿ ವೃತ್ತಿ ಕಟ್ಟಿಕೊಳ್ಳಲು ಸಾಧ್ಯವೇ?

ಸಾಧ್ಯ. ಆದರೆ ‘ಜಮೈಕಾದಂಥವರು ಹೆಸರಿಗಷ್ಟೇ ಭಾಗವಹಿಸಲು ಹೋಗುತ್ತಾರಲ್ಲವೇ’ ಎಂದು ನೀವು ಪ್ರಶ್ನೆಯ ಕೊನೆಯಲ್ಲಿ ಸೇರಿಸಿದ್ದೀರಲ್ಲ, ಆ ಮಾತಿಗೆ ನನ್ನ ತಕರಾರಿದೆ. ಸ್ಲೆಡ್ ಎಂಬ ಜಾರುಬಂಡಿಯಲ್ಲಿ ಕುಳಿತು ಮಂಜುಗಡ್ಡೆಯ ಇಳಿಜಾರು ಟ್ರ್ಯಾಕ್‌ನಲ್ಲಿ ವೇಗವಾಗಿ ಇಳಿಯುವ ಈ ಕ್ರೀಡೆಯನ್ನು ಬಹುಕಾಲದಿಂದ ಆಸಕ್ತಿಯಿಟ್ಟು ನೋಡುತ್ತಾ ಬಂದಿದ್ದೇನೆ. ಒಂದೇ ಸ್ಲೆಡ್‌ನಲ್ಲಿ ಕುಳಿತಿದ್ದ ಇಬ್ಬರು ಜಮೈಕನ್ನರು ಮುಂದೆ ಎಲ್ಲೆಲ್ಲಿಗೆ ತಲುಪಿದರು ಎಂಬುದನ್ನು ಹೇಳಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್, ಇಬ್ಬರ ಸ್ಪರ್ಧೆ. ಮುಂದೆ ಸ್ಲೆಡ್ ನಡೆಸುವ ಪೈಲಟ್ ವಿನ್‌ಸ್ಟನ್ ವಾಟ್ಸ್, ಹಿಂದೆ ಬ್ರೇಕ್‌ಮನ್ ಲ್ಯಾಸೆಲ್ಸ್ ಬ್ರೌನ್. ಸ್ಲೆಡ್ ತಳ್ಳಿಕೊಂಡು ಓಡುವ ಆರಂಭದ ಹಂತವನ್ನು ಅವರು 4.78 ಸೆಕೆಂಡುಗಳಲ್ಲಿ ಮುಗಿಸಿದರು. ಅದು ಆ ಟ್ರ್ಯಾಕ್‌ನ ದಾಖಲೆ. ಜರ್ಮನ್ನರು, ಸ್ವಿಸ್ ತಂಡದವರು, ತವರಿನ ಅಮೆರಿಕನ್ನರು ಎಲ್ಲರೂ ಆ ತಳ್ಳುವಿಕೆಯಲ್ಲಿ ಹಿಂದೆ ಬಿದ್ದರು. ಆದರೆ ಟ್ರ್ಯಾಕ್‌ನಲ್ಲಿ ನಾಲ್ಕು ಬಾರಿ ಇಳಿದ ಓಟಗಳ ಸಮಯದ ಲೆಕ್ಕ ಮುಗಿದಾಗ ಜಮೈಕಾಕ್ಕೆ ಸಿಕ್ಕಿದ್ದು 28ನೇ ಸ್ಥಾನ.

ಹಾಗೇಕಾಯಿತು ಎಂಬುದು ಅರ್ಥವಾಗಬೇಕಾದರೆ ಸ್ಲೆಡ್‌ನ ಒಳಗೆ ಯಾರ ಕೆಲಸ ಏನು ಎಂದು ತಿಳಿದಿರಬೇಕು. ಇಬ್ಬರು ಕೂರುವ ಸ್ಲೆಡ್ ಖಾಲಿಯಿದ್ದಾಗಲೇ ಒಂದೂವರೆ ಕ್ವಿಂಟಲ್‌ಗಿಂತ ಹೆಚ್ಚು ತೂಗುತ್ತದೆ. ಅಡಿಯಲ್ಲಿ ಸಣ್ಣ ಮುಳ್ಳುಗಳಿರುವ ಶೂ ತೊಟ್ಟು, ಮಂಜುಗಡ್ಡೆಯ ಮೇಲೆ ಸುಮಾರು 50 ಮೀಟರ್ ಅದನ್ನು ತಳ್ಳಿಕೊಂಡು ಓಡಿ, ವೇಗ ಕೆಡದಂತೆ ಒಳಗೆ ಹಾರಿ ಕೂರಬೇಕು. ಇದು ಅಪ್ಪಟ ಸ್ಪ್ರಿಂಟರ್‌ನ ಕೆಲಸ. ಚಕ್ರ ಕಟ್ಟಿದ ಸ್ಲೆಡ್ ಇದ್ದರೆ ಬಿಸಿಲಿನ ನೆಲದ ಮೇಲೆಯೇ ಅಭ್ಯಾಸ ಮಾಡಬಹುದು. ಆಮೇಲೆ ಬ್ರೇಕ್‌ಮನ್ ತಲೆ ತಗ್ಗಿಸಿ ಕುಳಿತುಬಿಡುತ್ತಾನೆ. ಬ್ರೇಕ್ ಎಳೆಯುವುದು ಗುರಿ ದಾಟಿದ ಬಳಿಕವಷ್ಟೇ.

ಅಲ್ಲಿಂದಾಚೆ ಎಲ್ಲವೂ ಪೈಲಟ್‌ನ ಕೈಯಲ್ಲಿ. ಹಗ್ಗಕ್ಕೆ ಕಟ್ಟಿದ ಎರಡು ಉಂಗುರಗಳನ್ನು ಬೆರಳುಗಳಲ್ಲಿ ಹಿಡಿದು, ಗಂಟೆಗೆ 120 ಕಿ.ಮೀ. ಮೀರಿದ ವೇಗದಲ್ಲಿ ಒಂದರ ಹಿಂದೊಂದು ತಿರುವುಗಳನ್ನು ದಾಟಿಸಬೇಕು. ತಿರುವಿಗೆ ಕೊಂಚ ತಡವಾಗಿ ಹೊರಳಿದರೂ ತಳ್ಳಿ ಗಳಿಸಿದ್ದೆಲ್ಲ ಗೋಡೆಗೆ ಉಜ್ಜಿ ಹೋಗುತ್ತದೆ. ಈ ವಿದ್ಯೆ ಕೈಹತ್ತಬೇಕಾದರೆ ನೂರಾರು ಬಾರಿ ಇಳಿಯಬೇಕು. ಜಗತ್ತಿನಲ್ಲಿ ಇಂಥ ಟ್ರ್ಯಾಕ್‌ಗಳು ಇಪ್ಪತ್ತೂ ಇಲ್ಲ, ಉಷ್ಣವಲಯದಲ್ಲಂತೂ ಒಂದೂ ಇಲ್ಲ. ವಿಮಾನದ ಖರ್ಚು, ವಾಸದ ಖರ್ಚು, ಸ್ಲೆಡ್ ಸಾಗಿಸುವ ಖರ್ಚು, ಅದರ ಅಡಿಯ ಉಕ್ಕಿನ ರನ್ನರ್‌ಗಳ ಖರ್ಚು, ಎಲ್ಲ ಸೇರಿಯೇ ಒಂದೊಂದು ಇಳಿತ.

ಹಾಗಾಗಿ ಉಷ್ಣ ದೇಶದಿಂದ ಒಳ್ಳೆಯ ಬ್ರೇಕ್‌ಮನ್ ಕೆಲವೇ ತಿಂಗಳಲ್ಲಿ ತಯಾರಾಗಬಹುದು. ಪೈಲಟ್ ತಯಾರಾಗಲು ವರ್ಷಗಳು ಬೇಕು, ಬೆನ್ನಿಗೆ ಹಣವೂ ಬೇಕು.

ಬ್ರೌನ್ ಮುಂದೆ ಕೆನಡಾದಲ್ಲಿ ನೆಲೆಸಿದರು. 2006ರ ಟ್ಯೂರಿನ್ ಕ್ರೀಡಾಕೂಟ ಇನ್ನೇನು ಶುರುವಾಗಬೇಕು ಎನ್ನುವಾಗ ಅವರಿಗೆ ಆ ದೇಶದ ಪೌರತ್ವ ಸಿಕ್ಕಿತು. ಪಿಯರ್ ಲೂಡರ್ಸ್ ಅವರಂಥ ನುರಿತ ಪೈಲಟ್‌ನ ಹಿಂದೆ ನಿಂತು ತಳ್ಳಿದರು, ಬೆಳ್ಳಿ ಗೆದ್ದರು. 2010ರ ವ್ಯಾಂಕೂವರ್‌ನಲ್ಲಿ ನಾಲ್ವರ ತಂಡದೊಂದಿಗೆ ಕಂಚು. ಕಾಲುಗಳು ಅವೇ, ಬದಲಾದದ್ದು ಪೈಲಟ್, ಸ್ಲೆಡ್ ಮತ್ತು ಹಿಂದಿನ ವ್ಯವಸ್ಥೆ.

ವಾಟ್ಸ್ ಜಮೈಕಾದ ಪೈಲಟ್ ಆಗಿಯೇ ಉಳಿದರು. ನಡುವೆ ಆಟ ಬಿಟ್ಟು, ಮತ್ತೆ ಮರಳಿ, 46ನೇ ವಯಸ್ಸಿನಲ್ಲಿ 2014ರ ಸೋಚಿಗೆ ಅರ್ಹತೆ ಪಡೆದರು. ಸ್ವಂತ ಹಣ ಸುರಿದಿದ್ದರು. ಸಾಲದ್ದಕ್ಕೆ ಅಂತರ್ಜಾಲದಲ್ಲಿ ಜನರಿಂದ ವಂತಿಗೆ ಬಂತು, ಡೋಜ್‌ಕಾಯಿನ್ ಎಂಬ ಡಿಜಿಟಲ್ ಹಣದ ಬಳಗದವರೂ ಕೊಟ್ಟರು. ಪ್ರಯಾಣದಲ್ಲಿ ಸಾಮಾನು ತಡವಾಗಿ ಬಂದಾಗ ಬೇರೆ ತಂಡಗಳು ಸಲಕರಣೆ ಕೊಡಲು ಮುಂದಾದವು. ಮಾರ್ವಿನ್ ಡಿಕ್ಸನ್ ಜತೆಗೂಡಿ ಅವರು ಪಡೆದದ್ದು 29ನೇ ಸ್ಥಾನ. ಅದನ್ನು ತಮಾಷೆಯ ಸುದ್ದಿಯಾಗಿ ಬರೆದವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಸ್ಲೆಡ್ ನಡೆಸುವುದರ ಜತೆಗೆ ಅದಕ್ಕೆ ಬೇಕಾದ ಹಣವನ್ನೂ ತಾನೇ ಹೊಂದಿಸುವ ಹೊರೆ ಯುರೋಪಿನ ದೊಡ್ಡ ತಂಡಗಳ ಪೈಲಟ್‌ಗಳ ಹೆಗಲ ಮೇಲೆ ಹೀಗೆ ಬೀಳುವುದಿಲ್ಲ.

ಅನುಭವ ಒದಗಿದರೆ ಏನಾಗುತ್ತದೆ ಎಂಬುದಕ್ಕೂ ಜಮೈಕಾವೇ ಸಾಕ್ಷಿ. ಸೇನೆಯಲ್ಲಿ ಹೆಲಿಕಾಪ್ಟರ್ ಪೈಲಟ್ ಆಗಿದ್ದ ಡಡ್ಲಿ ಸ್ಟೋಕ್ಸ್ 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ಗೆ ಬಂದದ್ದು ಕೆಲವೇ ತಿಂಗಳ ತಯಾರಿಯಲ್ಲಿ. ನಾಲ್ವರ ಸ್ಲೆಡ್ ಮೂರನೇ ಓಟದಲ್ಲಿ ಮಗುಚಿತು. ಎಲ್ಲರಿಗೂ ನೆನಪಿರುವುದು ಆ ದೃಶ್ಯ ಮಾತ್ರ. ಆರು ವರ್ಷಗಳ ನಂತರ ನಾರ್ವೆಯ ಲಿಲ್ಲೆಹಾಮರ್ ಒಲಿಂಪಿಕ್ಸ್‌ನಲ್ಲಿ ಅದೇ ಸ್ಟೋಕ್ಸ್ ನಡೆಸಿದ ಸ್ಲೆಡ್ 14ನೇ ಸ್ಥಾನ ಪಡೆದು ಅಮೆರಿಕ, ರಷ್ಯಾ, ಫ್ರಾನ್ಸ್ ತಂಡಗಳನ್ನು ಹಿಂದೆ ಹಾಕಿತು. ಆ ಸ್ಲೆಡ್ ತಳ್ಳಿದವರಲ್ಲಿ ವಾಟ್ಸ್ ಕೂಡ ಒಬ್ಬರು.

ಬ್ರೆಜಿಲ್‌ನ ಎಡ್ಸನ್ ಬಿಂಡಿಲಾಟ್ಟಿ ಅವರನ್ನೂ ಮರೆಯಬೇಡಿ. ಓಟ, ಜಿಗಿತ, ಎಸೆತಗಳ ಹತ್ತು ಸ್ಪರ್ಧೆಗಳು ಸೇರಿದ ಡೆಕಾಥ್ಲಾನ್‌ನಿಂದ ಬಂದವರು. ಐದು ಒಲಿಂಪಿಕ್ಸ್ ಆಡಿ, 42ನೇ ವಯಸ್ಸಿನಲ್ಲಿ 2022ರ ಬೀಜಿಂಗ್‌ನಲ್ಲಿ ನಾಲ್ವರ ಸ್ಲೆಡ್ ಅನ್ನು ಅಂತಿಮ ಓಟದವರೆಗೆ ಒಯ್ದು 20ನೇ ಸ್ಥಾನಕ್ಕೆ ನಿಲ್ಲಿಸಿದರು.

ನೀವು ಯಾರಿಗಾದರೂ ದಾರಿ ಹೇಳಲೆಂದು ಕೇಳುತ್ತಿದ್ದರೆ, ಓಟದ ಬಲವಿರುವವರು ಮೊದಲು ತಳ್ಳುವವರಾಗಿ ತಂಡ ಸೇರಲಿ. ಪೈಲಟ್ ಆಗುವ ಹಂಬಲವಿರುವ ಹುಡುಗಿಯರಿಗೆ ಈಗ ಮೊನೊಬಾಬ್ ಇದೆ. ಒಬ್ಬರೇ ತಳ್ಳಿ ಒಬ್ಬರೇ ನಡೆಸುವ ಈ ಸ್ಪರ್ಧೆ 2022ರಲ್ಲಿ ಒಲಿಂಪಿಕ್ಸ್‌ಗೆ ಬಂತು. ಎಲ್ಲರದೂ ಒಂದೇ ಮಾದರಿಯ ಸ್ಲೆಡ್ ಆದ್ದರಿಂದ ದುಬಾರಿ ತಂತ್ರಜ್ಞಾನದ ಅಂತರ ಇಲ್ಲಿ ತಗ್ಗುತ್ತದೆ. ಜಮೈಕಾದ ಜಾಸ್ಮಿನ್ ಫೆನ್ಲೇಟರ್-ವಿಕ್ಟೋರಿಯನ್ ಆ ಮೊದಲ ವರ್ಷವೇ ಅದರಲ್ಲಿ ಸ್ಪರ್ಧಿಸಿ 19ನೇ ಸ್ಥಾನ ಪಡೆದರು.