ಓದುಗರ ಪ್ರಶ್ನೆ: ನಾರ್ವೆ ಅಜ್ಜಂದಿರ ಕಲೆಗೆ ಮಿನ್ನೆಸೋಟದಲ್ಲಿ ಯಾರು ದಿಕ್ಕು?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇವೆ: ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ನಿಂದ ಅಮೆರಿಕಕ್ಕೆ ಹೋದವರ ಮೊಮ್ಮಕ್ಕಳು, ಮರಿಮಕ್ಕಳ ನಡುವೆ ಉಳಿದಿರುವ ಜನಪದ ಕಲೆ. ಜನಪದ ಕಲೆಗಳ ಕಲಿಕೆಗೆ ಹಣ ಕೇಳಿ ಬರುವ ಅರ್ಜಿಗಳನ್ನು ಓದುವುದು ನನ್ನ ಕೆಲಸ. ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾಯಿತು.

ಪ್ರಶ್ನೆ: ನಾನು ಹಾಸನದವನು, ಮಿನ್ನೆಸೋಟದ ರೋಚೆಸ್ಟರ್‌ನಲ್ಲಿ ಕೆಲಸ. ಸ್ಥಳೀಯ ಸಂಘಗಳಿಗೆ ಸಣ್ಣ ದೇಣಿಗೆ ಕೊಡುವ ನಮ್ಮ ಕಂಪನಿಯ ಸಮಿತಿಗೆ ಈ ವರ್ಷ ನನ್ನನ್ನೂ ಹಾಕಿದ್ದಾರೆ. ಹತ್ತಿರದ ನಾರ್ವೇಜಿಯನ್ ಸಂಘವೊಂದು ಅರ್ಜಿ ಹಾಕಿದೆ. ಸದಸ್ಯರೆಲ್ಲ ವಯಸ್ಸಾದವರು. ವರ್ಷಕ್ಕೊಮ್ಮೆ ಅವರ ಮೀನಿನ ಊಟಕ್ಕೆ ಸಿಕ್ಕಾಪಟ್ಟೆ ಜನ ಬರುತ್ತಾರೆ. ಉಳಿದ ದಿನ ಹಾಲ್ ಖಾಲಿ. ಸಂಘದಲ್ಲೇ ಎರಡು ಗುಂಪು. ಕೆಲವರಿಗೆ ಹಬ್ಬಕ್ಕೆ ಹೊಸ ವೇದಿಕೆ, ಸೌಂಡ್ ಸಿಸ್ಟಮ್ ಬೇಕು. ಇಬ್ಬರು ಅಜ್ಜಿಯರು ರೋಸೆಮಾಲಿಂಗ್ ಎಂಬ ಚಿತ್ರಕಲೆಯ ಕ್ಲಾಸ್ ನಡೆಸಬೇಕು ಅನ್ನುತ್ತಾರೆ. ನನಗೆ ಇದರ ತಲೆಬುಡ ಗೊತ್ತಿಲ್ಲ. ಯಾವುದಕ್ಕೆ ಹೂಂ ಅನ್ನಲಿ?

ಉತ್ತರ: ಅಜ್ಜಿಯರ ಕ್ಲಾಸಿಗೆ. ಈ ಕಲೆ ಅಮೆರಿಕದಲ್ಲಿ ಒಮ್ಮೆ ಸತ್ತು ಹೇಗೆ ಮತ್ತೆ ಎದ್ದಿತು ಅನ್ನುವುದು ಗೊತ್ತಾದರೆ ಕಾರಣ ನಿಮಗೇ ತಿಳಿಯುತ್ತದೆ.

ರೋಸೆಮಾಲಿಂಗ್ ಅಂದರೆ ನಾರ್ವೆಯ ಹಳ್ಳಿಗಳಲ್ಲಿ ಮರದ ಪೆಟ್ಟಿಗೆ, ಬೀರು, ಬಟ್ಟಲು, ಮನೆಯ ಗೋಡೆಗಳ ಮೇಲೆ ಬಿಡಿಸುತ್ತಿದ್ದ ಬಳ್ಳಿ ಮತ್ತು ಹೂವಿನ ಚಿತ್ರ. ಸುಮಾರು 1750ರಿಂದ 1850ರವರೆಗೆ ಅದರ ಒಳ್ಳೆಯ ಕಾಲ. ಒಂದೊಂದು ಕಣಿವೆಗೆ ಒಂದೊಂದು ಕೈ. ಟೆಲೆಮಾರ್ಕ್‌ನ ಬಳ್ಳಿ ಎಡಬಲ ಸಮ ಇರಬೇಕೆಂಬ ಹಟವಿಲ್ಲದೆ ತನ್ನಿಷ್ಟದಂತೆ ಹರಿಯುತ್ತದೆ. ಹಾಲಿಂಗ್‌ಡಾಲ್‌ನದು ದಪ್ಪ, ಗಟ್ಟಿ, ಎರಡೂ ಕಡೆ ಸಮ. ರೋಗಲ್ಯಾಂಡ್‌ನದು ಗಾಢ ಬಣ್ಣದ ಮೇಲೆ ತುಂಬು ಹೂವು.

1825ರ ಜುಲೈ 4ರಂದು ಸ್ಟಾವಾಂಗರ್‌ನಿಂದ ರೆಸ್ಟೊರೇಷನ್ ಎಂಬ ಪುಟ್ಟ ಹಡಗು 52 ಜನರನ್ನು ಹೊತ್ತು ಹೊರಟು ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಸೇರಿತು. ಅಷ್ಟರಲ್ಲಿ ಹಡಗಿನಲ್ಲೇ ಒಂದು ಮಗುವೂ ಹುಟ್ಟಿತ್ತು. ಮುಂದಿನ ನೂರು ವರ್ಷದಲ್ಲಿ 8 ಲಕ್ಷಕ್ಕೂ ಜಾಸ್ತಿ ನಾರ್ವೆಯವರು ದೇಶ ಬಿಟ್ಟರು. ಹಲವರ ಜತೆ ಹೆಸರು, ಇಸವಿ ಬರೆದ ಬಣ್ಣದ ಪೆಟ್ಟಿಗೆ ಬಂತು. ಆದರೆ ಅದನ್ನು ಬರೆಯುವ ಕೈ ಹೆಚ್ಚಾಗಿ ಬರಲಿಲ್ಲ. ಬಂದವರಿಗೂ ಹೊಲ ಹಸನು ಮಾಡುವುದರಲ್ಲೇ ಆಯುಸ್ಸು ಕಳೆಯಿತು. ಪೆಟ್ಟಿಗೆ ಅಟ್ಟ ಸೇರಿತು. ಕೆಲವು ಮನೆಗಳಲ್ಲಿ ಅದು ಕೋಳಿಗೆ ಹಾಕುವ ಕಾಳಿನ ಡಬ್ಬವೂ ಆಯಿತು.

ಮತ್ತೆ ಶುರುವಾಗಿದ್ದು ಒಬ್ಬ ಬಡಪಾಯಿ ಪೇಂಟರ್‌ನಿಂದ. ಪೆರ್ ಲಿಸ್ನೆ 1907ರಲ್ಲಿ ನಾರ್ವೆ ಬಿಟ್ಟು ವಿಸ್ಕಾನ್ಸಿನ್‌ನ ಸ್ಟೋಟನ್ ಎಂಬ ಊರಿಗೆ ಬಂದವರು. ಅಲ್ಲಿ ಕುದುರೆ ಗಾಡಿಗಳನ್ನು ಮಾಡುವ ಫ್ಯಾಕ್ಟರಿಯಲ್ಲಿ ಗಾಡಿಗಳಿಗೆ ಬಣ್ಣದ ಅಲಂಕಾರ ಬರೆಯುವುದು ಅವರ ಕೆಲಸ. ಕಾರು ಬಂತು, ಗಾಡಿ ಹೋಯಿತು. ಆರ್ಥಿಕ ಕುಸಿತದ 1930ರ ದಶಕದಲ್ಲಿ ಲಿಸ್ನೆ ತಂದೆಯಿಂದ ಕಲಿತಿದ್ದ ರೋಸೆಮಾಲಿಂಗ್ ಹಿಡಿದರು. ದೊಡ್ಡ ಮರದ ತಟ್ಟೆಗಳ ಮೇಲೆ ಬರೆದು ಮಾರಿದರು. ಅದೇ ಊರಿನ ಎಥೆಲ್ ಕ್ವಾಲ್‌ಹೈಮ್ ಎಂಬ ಹೆಣ್ಣುಮಗಳು ಅವರ ಕೆಲಸವನ್ನು ನೋಡುತ್ತಾ ನೋಡುತ್ತಾ ತಾವೂ ಬರೆಯಲು ತೊಡಗಿದರು. 1989ರಲ್ಲಿ ಆಕೆಗೆ ಜನಪದ ಕಲಾವಿದರಿಗೆ ಅಮೆರಿಕ ಸರ್ಕಾರ ಕೊಡುವ ಅತಿ ದೊಡ್ಡ ಗೌರವ, ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಬಂತು. ನಡುವೆ ಶಾಲೆ ಇಲ್ಲ, ವೇದಿಕೆ ಇಲ್ಲ. ಬರೆಯುವವರೊಬ್ಬರು, ನೋಡುವವರೊಬ್ಬರು, ಅಷ್ಟೇ.

ಆದರೆ ಇಂಥ ಅದೃಷ್ಟವನ್ನೇ ನಂಬಿಕೊಂಡು ಕೂರುವ ಹಾಗಿಲ್ಲ. ಅದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದು ಅಯೋವಾದ ಡೆಕೋರಾ ಊರಿನ ವೆಸ್ಟರ್‌ಹೈಮ್ ಮ್ಯೂಸಿಯಂ. ನಿಮ್ಮ ರೋಚೆಸ್ಟರ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆಯೊಳಗಿನ ದಾರಿ. ದಯವಿಟ್ಟು ಒಮ್ಮೆ ಹೋಗಿ ಬನ್ನಿ. ಅದರ ಸಂಗ್ರಹ ಶುರುವಾಗಿದ್ದು 1877ರಲ್ಲಿ, ಅಲ್ಲಿನ ಲೂಥರ್ ಕಾಲೇಜಿನಲ್ಲಿ. 1960ರ ದಶಕದಲ್ಲಿ ಅದರ ನಿರ್ದೇಶಕರಾಗಿದ್ದ ಕಲಾ ಇತಿಹಾಸಕಾರ ಮೇರಿಯನ್ ನೆಲ್ಸನ್ ಅವರು ಹಳೆಯ ಪೆಟ್ಟಿಗೆಗಳನ್ನು ಗಾಜಿನ ಹಿಂದೆ ಇಟ್ಟು ಸುಮ್ಮನಾಗಲಿಲ್ಲ. 1967ರಲ್ಲಿ ಸಿಗ್ಮುಂಡ್ ಓರ್ಸೆತ್ ಎಂಬ ಕಲಾವಿದರನ್ನು ನಾರ್ವೆಯಿಂದ ಕರೆಸಿ ಕ್ಲಾಸ್ ನಡೆಸಿದರು. ಜತೆಗೆ ತೀರ್ಪುಗಾರರಿರುವ ಪ್ರದರ್ಶನ ಶುರು ಮಾಡಿದರು. ವರ್ಷ ವರ್ಷ ಗೆದ್ದ ರಿಬ್ಬನ್‌ಗಳ ಅಂಕ ಕೂಡುತ್ತಾ ಹೋದರೆ ಕೊನೆಗೆ ಗೋಲ್ಡ್ ಮೆಡಲ್. ಕಲಿಯಲು ಗುರು, ಕೆಲಸ ಚೆನ್ನಾಗಿದೆಯೋ ಇಲ್ಲವೋ ಎಂದು ಮುಖಕ್ಕೆ ಹೇಳುವ ತೀರ್ಪುಗಾರ, ಕೊಳ್ಳುವ ಗಿರಾಕಿ. ಈ ಮೂರೂ ಒಂದೇ ಊರಿನಲ್ಲಿ ಸಿಕ್ಕವು. ಮುಂದಿನ ಹತ್ತು ಹದಿನೈದು ವರ್ಷದಲ್ಲಿ ಈ ಕಲೆ ಅಮೆರಿಕದ ನಡುಭಾಗದ ಮಿಡ್‌ವೆಸ್ಟ್ ರಾಜ್ಯಗಳ ತುಂಬಾ ಹಬ್ಬಿತು.

ನಿಮ್ಮ ಸಂಘದ ಅಜ್ಜಿಯರು ಬಹುಶಃ ಆ ಕಾಲದಲ್ಲಿ ಕಲಿತವರೇ ಇರಬೇಕು. ಅವರ ಕೈ ನಡುಗಲು ಶುರುವಾಗುವ ಮೊದಲೇ ಕ್ಲಾಸ್ ಆಗಬೇಕು. ಸೌಂಡ್ ಸಿಸ್ಟಮ್ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತದೆ.

ಹಾಗಂತ ಹಬ್ಬ ದಂಡ ಅಂತ ಅಲ್ಲ. ಡೆಕೋರಾದಲ್ಲೇ 1967ರಿಂದ ಜುಲೈ ಕೊನೆಗೆ ನಾರ್ಡಿಕ್ ಫೆಸ್ಟ್ ನಡೆಯುತ್ತದೆ. ಆ ಜನಸಂದಣಿಯೇ ಕಲಾವಿದರಿಗೆ ಮಾರುಕಟ್ಟೆ. ಮೀನಿನ ಊಟದಿಂದಲೇ ಎಷ್ಟೋ ಚರ್ಚು, ಸಂಘಗಳ ಖರ್ಚು ನಡೆಯುತ್ತದೆ. (ಆ ಊಟದ ಲುಟೆಫಿಸ್ಕ್ ಅಂದರೆ ಒಣ ಕಾಡ್ ಮೀನನ್ನು ಕ್ಷಾರದಲ್ಲಿ ನೆನೆಸಿ, ಮತ್ತೆ ನೀರಿನಲ್ಲಿಟ್ಟು ಕ್ಷಾರ ಬಿಡಿಸಿ ಬೇಯಿಸುವುದು. ಮೀನು ತಿನ್ನುವವರಾದರೆ ಒಮ್ಮೆ ನೋಡಿ. ಬೆಣ್ಣೆ ಜಾಸ್ತಿ ಹಾಕಿಸಿಕೊಳ್ಳಿ.) ನನ್ನ ತಕರಾರು ಇಷ್ಟೇ. ಹಬ್ಬಕ್ಕೆ ದುಡ್ಡು ಹೇಗೋ ಹುಟ್ಟುತ್ತದೆ. ಗುರುವಿನ ಸಮಯಕ್ಕೆ ಹುಟ್ಟುವುದಿಲ್ಲ.

ಅರ್ಜಿಯಲ್ಲಿ ಏನಿರಬೇಕು ಎಂದು ನೀವೇ ಅವರಿಗೆ ಹೇಳಿಕೊಡಿ. ಅನುಭವಿ ಗುರು, ಒಬ್ಬಿಬ್ಬರು ಶಿಷ್ಯರು, ಹಲವು ತಿಂಗಳು. ರೋಸೆಮಾಲಿಂಗ್‌ನ ಜೀವವೇ ಇಂಗ್ಲಿಷಿನ ಸಿ, ಎಸ್ ಅಕ್ಷರದಂಥ ಗೆರೆಗಳು. ಅವು ತಡೆಯಿಲ್ಲದೆ ಒಂದೇ ಎಳೆತಕ್ಕೆ ಬರಬೇಕು. ವಾರಾಂತ್ಯದ ಒಂದು ಕ್ಲಾಸಿನಲ್ಲಿ ಇದು ಬರುವುದಿಲ್ಲ. ಬಣ್ಣ, ಕುಂಚ, ಬಾಸ್‌ವುಡ್ ತಟ್ಟೆ, ಓಡಾಟದ ಪೆಟ್ರೋಲ್, ಇವೆಲ್ಲ ಬಜೆಟ್‌ನಲ್ಲಿ ಇರಲಿ. ಎಲ್ಲಕ್ಕಿಂತ ಮುಖ್ಯ, ಗುರುವಿನ ಸಂಬಳ ಇರಲಿ. ಆ ಅಜ್ಜಿಯರು "ಅಯ್ಯೋ, ನಮಗ್ಯಾಕೆ ದುಡ್ಡು" ಅನ್ನುವುದು ಖಂಡಿತ. ಮಿನ್ನೆಸೋಟದ ಹಿರಿಯರ ಸ್ವಭಾವವೇ ಹಾಗೆ. ಒಪ್ಪಬೇಡಿ. ಇವತ್ತು ಬಿಟ್ಟಿ ಕಲಿಸಿದರೆ, ನಾಳೆ ಕಲಿಸಬೇಕಾದ ಇಪ್ಪತ್ತೈದರ ಹುಡುಗಿ ಈ ದಾರಿಗೇ ಬರುವುದಿಲ್ಲ.

ನಿಮ್ಮ ದೇಣಿಗೆ ಸಣ್ಣದಾದರೆ ಬೇರೆ ಬಾಗಿಲುಗಳನ್ನೂ ತೋರಿಸಿ. 2008ರಲ್ಲಿ ಮಿನ್ನೆಸೋಟದ ಜನ ಮತ ಹಾಕಿ ಸೇಲ್ಸ್ ಟ್ಯಾಕ್ಸನ್ನು ಶೇಕಡಾ 0.375ರಷ್ಟು ಏರಿಸಿಕೊಂಡರು, 25 ವರ್ಷಕ್ಕೆ. ಆ ಹಣದ ಶೇಕಡಾ 19.75 ಕಲೆ ಮತ್ತು ಪರಂಪರೆಗೆ. ಅಂದರೆ ಅಲ್ಲಿ ಏನೇ ಕೊಂಡು ಈ ಟ್ಯಾಕ್ಸ್ ಕಟ್ಟಿದಾಗಲೂ ನೀವು ಈಗಾಗಲೇ ಒಂದು ಪಾಲು ಕೊಡುತ್ತಿದ್ದೀರಿ! ಇನ್ನು ನ್ಯೂಯಾರ್ಕ್‌ನ ಅಮೆರಿಕನ್ ಸ್ಕ್ಯಾಂಡಿನೇವಿಯನ್ ಫೌಂಡೇಶನ್ ಇದೆ, 1910ರದ್ದು. ಮಿನ್ನೆಸೋಟದಲ್ಲೇ ಮಾರ್ಗರೆಟ್ ಎ. ಕಾರ್ಗಿಲ್ ಹೆಸರಿನ ದೊಡ್ಡ ದತ್ತಿ ಸಂಸ್ಥೆ ಇದೆ. ಅದು ದೊಡ್ಡ ಸಂಸ್ಥೆಗಳ ಮೂಲಕ ಈ ಕಲೆಗಳಿಗೆ ನೆರವು ಕೊಡುತ್ತಾ ಬಂದಿದೆ.

ಕೊನೆಗೊಂದು ಸಣ್ಣ ಮಾತು. ಸದಸ್ಯರ ಅಟ್ಟದಲ್ಲಿ ಹಳೆಯ ಬಣ್ಣದ ಪೆಟ್ಟಿಗೆ ಇದ್ದರೆ, ಅದಕ್ಕೆ ಹೊಸ ಬಣ್ಣ, ವಾರ್ನಿಷ್ ಯಾವುದೂ ಬೇಡ ಎಂದು ಹೇಳಿ. ಮೊದಲು ಫೋಟೋ ತೆಗೆದು ಮ್ಯೂಸಿಯಂನವರನ್ನು ಕೇಳಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದೇನೆ. ನಾರ್ವೆ, ಸ್ವೀಡನ್ ಶ್ರೀಮಂತ ದೇಶಗಳು. ತಮ್ಮ ಕಲೆಯನ್ನು ಅವೇ ಕಾಪಾಡಿಕೊಳ್ಳುತ್ತವೆ. ಅಮೆರಿಕದಲ್ಲಿ ಆ ವಂಶದವರು ಬಿಳಿಯರು, ಅನುಕೂಲಸ್ಥರು. ಅವರಿಗೆ ಸಾರ್ವಜನಿಕ ಹಣ ಯಾಕೆ ಕೊಡಬೇಕು?

ಉತ್ತರ: ಕೇಳಲೇಬೇಕಾದ ಪ್ರಶ್ನೆ.

1918ರ ಮೇ ತಿಂಗಳಲ್ಲಿ, ಮೊದಲ ಮಹಾಯುದ್ಧದ ಕಾವಿನಲ್ಲಿ, ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಆಜ್ಞೆ ಹೊರಡಿಸಿದರು. ಶಾಲೆ, ಬೀದಿ, ರೈಲು, ಟೆಲಿಫೋನ್, ಚರ್ಚಿನ ಪ್ರವಚನ, ಎಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದು. ಕೋಪ ಇದ್ದದ್ದು ಜರ್ಮನರ ಮೇಲೆ. ಪೆಟ್ಟು ತಿಂದವರಲ್ಲಿ ಡೇನರು, ನಾರ್ವೆಯವರೂ ಇದ್ದರು. ಆಜ್ಞೆ ಆ ವರ್ಷದ ಕೊನೆಗೇ ಹೋಯಿತು, ಹೆದರಿಕೆ ಹೋಗಲಿಲ್ಲ. 1924ರ ವಲಸೆ ಕಾನೂನು ಹೊಸಬರು ಬರುವುದನ್ನೂ ಬಿಗಿ ಮಾಡಿತು. ಮನೆಗಳಲ್ಲಿ ಭಾಷೆ ನಿಂತುಹೋಯಿತು. ಆಮೇಲೆ ಅವರಿಗೆ ತಮ್ಮದು ಅಂತ ಹೇಳಿಕೊಳ್ಳಲು ಉಳಿದದ್ದು ಹಬ್ಬದ ಅಡುಗೆ, ಹೆಣಿಗೆ, ಮರಗೆಲಸ, ಪಿಟೀಲು. ಅದಕ್ಕೇ ಅಲ್ಲಿನ ಕಲೆಯ ಮೇಲೆ ಇಷ್ಟು ಭಾರ ಬಿದ್ದಿದೆ.

ನಾರ್ವೆ ಕಾಪಾಡುತ್ತದೆ ಅನ್ನುವುದು ನಿಜ, ಆದರೆ ಅದು ಕಾಪಾಡುವುದು ನಾರ್ವೆಯದನ್ನು. ಲಿಸ್ನೆಯ ತಟ್ಟೆ ಹುಟ್ಟಿದ್ದು ವಿಸ್ಕಾನ್ಸಿನ್‌ನಲ್ಲಿ. ಕ್ಯಾನ್ಸಸ್‌ನ ಲಿಂಡ್ಸ್‌ಬೋರ್ಗ್ ಎಂಬ ಸ್ವೀಡಿಷ್ ಊರು 1941ರಿಂದ ಸ್ವೆನ್ಸ್ಕ್ ಹಿಲ್ನಿಂಗ್ಸ್‌ಫೆಸ್ಟ್ ಎಂಬ ಹಬ್ಬ ಮಾಡುತ್ತಿದೆ. ಅದು ಸ್ವೀಡನ್ನಿನ ಹಬ್ಬ ಅಲ್ಲ, ಊರು ಕಟ್ಟಿದ ಹಿರಿಯರನ್ನು ನೆನೆಯಲು ಅವರೇ ಮಾಡಿಕೊಂಡಿದ್ದು. ಇದು ಅಮೆರಿಕದ್ದೇ ಕಲೆ. ಅಸಲಿ ಅಲ್ಲ ಎಂದು ಮೂಗು ಮುರಿಯುವವರನ್ನು ನಾನು ಜಾಸ್ತಿ ತಲೆಗೆ ಹಾಕಿಕೊಳ್ಳುವುದಿಲ್ಲ.

ಆದರೂ ನಿಮ್ಮ ಮಾತಿನಲ್ಲಿ ತೂಕ ಇದೆ. ನಾರ್ವೆಯ ರೈತರಿಗೆ ಸಿಕ್ಕ ಆ ನೆಲ ಮೊದಲು ಡಕೋಟಾ, ಒಜಿಬ್ವೆ, ಹೋಚಂಕ್ ಎಂಬ ಮೂಲನಿವಾಸಿಗಳದು. ಬಿಳಿಯರೇ ಶ್ರೇಷ್ಠ ಎನ್ನುವ ಗುಂಪುಗಳು ವೈಕಿಂಗ್ ಚಿಹ್ನೆಗಳನ್ನು ಎತ್ತಿಕೊಂಡು ಕುಣಿಯುವುದೂ ಇದೆ. ಅದಕ್ಕೇ ವಂಶ ಕೇಳದೆ ಎಲ್ಲರಿಗೂ ಕಲಿಸುವ ಸಂಸ್ಥೆಗೇ ಹಣ ಹೋಗಬೇಕು ಅನ್ನುತ್ತೇನೆ. ಗುರು-ಶಿಷ್ಯ ಯೋಜನೆಗಳಲ್ಲಿ ಒಂದೇ ಪಟ್ಟಿಯಲ್ಲಿ ರೋಸೆಮಾಲಿಂಗ್ ಇರಬೇಕು, ಆಗ್ನೇಯ ಏಷ್ಯಾದಿಂದ ಬಂದ ಹ್ಮಾಂಗ್ ಜನರ ಕಸೂತಿ ಇರಬೇಕು, ಒಜಿಬ್ವೆಯವರ ಬರ್ಚ್ ತೊಗಟೆಯ ಕೆಲಸವೂ ಇರಬೇಕು. ಬಿಳಿಯರಿಗೆ ಮಾತ್ರ ಸಿಗುವ ಪಟ್ಟಿಯಾದರೆ ನಾನೂ ನಿಮ್ಮ ಪಕ್ಷವೇ.

ಪ್ರಶ್ನೆ: ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿದ್ದೇವೆ. ನನ್ನ ಮಗಳಿಗೆ ಹದಿಮೂರು. ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಾಳೆ. ಒಂದು ಕಡೆ ಹಾರ್ಡಂಗರ್ ಫಿಡಲ್ ಎಂಬ ನಾರ್ವೆಯ ಪಿಟೀಲು ಕೇಳಿದ ಮೇಲೆ ಅದೇ ಬೇಕು ಅಂತ ಹಟ. ನಾವು ಹೋಗಿ ಸೇರಿದರೆ ಅವರಿಗೆ ಇರುಸುಮುರುಸು ಆಗುವುದಿಲ್ಲವೇ? ಎರಡೂ ಕಲಿತರೆ ಕೈ ಕೆಡುತ್ತದಾ?

ಉತ್ತರ: ಆಗುವುದಿಲ್ಲಮ್ಮ, ಧಾರಾಳವಾಗಿ ಕಳಿಸಿ. ನಿಮ್ಮಿಂದ ಅರ್ಧ ಗಂಟೆ ದೂರದ ಸ್ಟೋಟನ್‌ನಲ್ಲಿ ಹೈಸ್ಕೂಲು ಮಕ್ಕಳ ನಾರ್ವೇಜಿಯನ್ ನೃತ್ಯ ತಂಡವಿದೆ, 1953ರಿಂದ. ಸೇರಲು ನಾರ್ವೆ ರಕ್ತ ಬೇಕಿಲ್ಲ, ಕುಣಿಯಲು ಬರಬೇಕು. ಮೇ 17ರ ಆಸುಪಾಸಿನಲ್ಲಿ ಆ ಊರಲ್ಲಿ ದೊಡ್ಡ ಹಬ್ಬ. 1814ರಲ್ಲಿ ನಾರ್ವೆಗೆ ಸಂವಿಧಾನ ಬಂದ ದಿನ ಅದು. ಮಗಳನ್ನು ಕರೆದುಕೊಂಡು ಹೋಗಿ. ಅಲ್ಲಿ ಲೆಫ್ಸೆ ಸಿಕ್ಕರೆ ನೀವೂ ತಿನ್ನಿ, ಆಲೂಗಡ್ಡೆ ಹಾಕಿ ಮಾಡಿದ ಮೆತ್ತನೆ ಚಪಾತಿಯ ಹಾಗಿರುತ್ತದೆ.

ಈ ಪಿಟೀಲಿನಲ್ಲಿ ಬಾರಿಸುವ ತಂತಿ ನಾಲ್ಕು. ಅವುಗಳ ಕೆಳಗೆ ಇನ್ನೂ ನಾಲ್ಕೋ ಐದೋ ತಂತಿಗಳಿವೆ. ಅವನ್ನು ಯಾರೂ ಮುಟ್ಟುವುದಿಲ್ಲ, ಮೇಲಿನ ನಾದಕ್ಕೆ ತಾವೇ ಮಿಡಿಯುತ್ತವೆ. ಸಿತಾರ್‌ನ ತರಬ್ ತಂತಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ಮೈಮೇಲೆ ಕಪ್ಪು ಶಾಯಿಯ ಬಳ್ಳಿ, ಮುತ್ತಿನ ಚಿಪ್ಪಿನ ಕೆಲಸ. ಒಂದು ಕಾಲದಲ್ಲಿ ನಾರ್ವೆಯ ಕೆಲವು ಕಟ್ಟಾ ಧಾರ್ಮಿಕರು ಇದನ್ನು ಸೈತಾನನ ವಾದ್ಯ ಅಂದರು. ಸುಟ್ಟು ಹಾಕಿದ್ದೂ ಉಂಟು. ಅಮೆರಿಕದ ಲೂಥರನ್ ಪಂಥದ ಕ್ರೈಸ್ತ ಮನೆಗಳಲ್ಲೂ ಆ ಮುನಿಸು ಇತ್ತು. ಹಾಗಾಗಿ ಇಲ್ಲಿ ನುಡಿಸುವವರು ಯಾವತ್ತೂ ಕಡಿಮೆಯೇ. 1983ರಲ್ಲಿ ಶುರುವಾದ ಹಾರ್ಡಂಗರ್ ಫಿಡಲ್ ಅಸೋಸಿಯೇಷನ್ ಆಫ್ ಅಮೆರಿಕ ಶಿಬಿರ ನಡೆಸುತ್ತದೆ, ಹೊಸಬರಿಗೆ ದಾರಿ ತೋರಿಸುತ್ತದೆ. ಒಬ್ಬ ಹದಿಮೂರರ ಹುಡುಗಿ ಬಂದರೆ ಅವರಿಗೆ ಖುಷಿಯೇ.

ಕೈ ಕೆಡುತ್ತದಾ ಅನ್ನುವುದನ್ನು ಅವಳ ಕರ್ನಾಟಕ ಸಂಗೀತದ ಗುರುಗಳನ್ನೂ ಕೇಳಿ. ನೆಲದ ಮೇಲೆ ಕೂತು ಹಿಡಿಯುವ ಹಿಡಿತ ಬೇರೆ, ಇದು ಬೇರೆ. ಶ್ರುತಿ ಮಾಡುವ ಬಗೆಗಳೂ ಹತ್ತಾರು ಇವೆ. ಮೊದಲ ವರ್ಷ ವಾದ್ಯ ಕೊಳ್ಳಬೇಡಿ, ದುಬಾರಿ. ಬಾಡಿಗೆಗೋ ಎರವಲಿಗೋ ಸಿಗುತ್ತದಾ ಎಂದು ಸಂಘದಲ್ಲೇ ವಿಚಾರಿಸಿ.

ಉಡುಪಿನ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ. ಬುನಾದ್ ಎನ್ನುವ ನಾರ್ವೆಯ ಹಬ್ಬದ ಉಡುಪಿಗೆ ಊರೂರಿನ ಗುರುತು ಇದೆ, ತಂಡದವರು ಕೊಟ್ಟರೆ ಹಾಕಲಿ. ಉತ್ತರದ ಸಾಮಿ ಜನರ ಉಡುಪು ಬೇರೆ. ಅವರು ಅಲ್ಲಿನ ಮೂಲನಿವಾಸಿಗಳು, ಬಹಳ ಅವಮಾನ ಉಂಡವರು. ಅದನ್ನು ವೇಷದ ಹಾಗೆ ತೊಡುವುದು ಬೇಡ. ಕೊಂಬಿನ ಹೆಲ್ಮೆಟ್ ಕೇಳಿದರೆ ಕೊಡಿಸಿ, ತೊಂದರೆಯಿಲ್ಲ, ಆದರೆ ಅದು ವೈಕಿಂಗರದ್ದಲ್ಲ. ಜನರ ಕಣ್ಣಿಗೆ ಅದನ್ನು ಅಂಟಿಸಿದ್ದು 1876ರ ಜರ್ಮನ್ ಆಪೆರಾ ಒಂದರ ವೇಷಭೂಷಣ. ಮಿನ್ನೆಸೋಟದ ವೈಕಿಂಗ್ಸ್ ಎಂಬ ಫುಟ್‌ಬಾಲ್ ತಂಡದ ಅಭಿಮಾನಿಗಳ ಎದುರು ಮಾತ್ರ ಅವಳು ಇದನ್ನು ಹೇಳದಿರಲಿ.