ಓದುಗರ ಪ್ರಶ್ನೆ: ಲಾವೋಸ್‌ನಲ್ಲಿ ಹಬ್ಬ ನೋಡುವವರಿಗೆ

ಪ್ರಶ್ನೆ: ಏಪ್ರಿಲ್ ರಜೆಯಲ್ಲಿ ಲಾವೋಸ್‌ಗೆ ಹೊರಟಿದ್ದೇವೆ. ಲುವಾಂಗ್ ಪ್ರಬಾಂಗ್‌ನಲ್ಲಿ ಭಿಕ್ಷುಗಳಿಗೆ ಬೆಳಗಿನ ಜಾವ ಅನ್ನ ಹಾಕುತ್ತಾರಂತೆ. ನಾವೂ ಹಾಕಬಹುದೇ? ಫೋಟೋ ತೆಗೆದರೆ ತಪ್ಪೇ?
– ಪುತ್ತೂರಿನ ಓದುಗರು

ಉತ್ತರ: ಹಾಕಬಹುದು. ಆದರೆ ಮೊದಲ ದಿನ ಸುಮ್ನೆ ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿ.

ಇದಕ್ಕೆ ಅಲ್ಲಿ ‘ತಕ್ ಬಾತ್’ ಎನ್ನುತ್ತಾರೆ. ನಾನು ಬಾಡಿಗೆಗಿದ್ದ ಮನೆಯ ಅಮ್ಮ ಹಿಂದಿನ ರಾತ್ರಿಯೇ ಅಂಟಕ್ಕಿ ನೆನೆಹಾಕುತ್ತಿದ್ದರು. ಕತ್ತಲಿರುವಾಗಲೇ ಎದ್ದು, ಚೂಪು ತಳದ ಬಿದಿರಿನ ಬುಟ್ಟಿಯಲ್ಲಿ ಅದನ್ನು ಹಬೆಗಿಟ್ಟು ಬೇಯಿಸುತ್ತಿದ್ದರು. ಬೆಂದ ಅನ್ನವನ್ನು ಮುಚ್ಚಳದ ಪುಟ್ಟ ಬುಟ್ಟಿಗೆ ತುಂಬಿ, ಎಡ ಹೆಗಲಿಗೆ ಶಲ್ಯ ಹಾಕಿ, ಚಪ್ಪಲಿ ಬಿಟ್ಟು, ಬಾಗಿಲ ಮುಂದೆ ಚಾಪೆಯ ಮೇಲೆ ಮಂಡಿಯೂರುತ್ತಿದ್ದರು. ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬರುತ್ತಾರೆ. ಹಿರಿಯರು ಮುಂದೆ, ಹುಡುಗರು ಹಿಂದೆ. ಯಾರೂ ನಿಲ್ಲುವುದಿಲ್ಲ, ಹಾಗಾಗಿ ಕೈ ಚುರುಕಾಗಿರಬೇಕು. ಬಿಸಿ ಅನ್ನ ಚಿವುಟಿ ಚಿವುಟಿ ಅಮ್ಮನ ಬೆರಳ ತುದಿ ಕೆಂಪಾಗುತ್ತಿತ್ತು. ಮಾತಿಲ್ಲ, ಮುಖ ನೋಡುವುದಿಲ್ಲ, ಪಾತ್ರೆಗೆ ಕೈ ತಾಗಿಸುವುದೂ ಇಲ್ಲ. ಸಾಲಿನ ಆಚೆ ತುದಿಯಲ್ಲಿ ಬಡ ಮಕ್ಕಳು ಬುಟ್ಟಿ ಹಿಡಿದು ಕೂತಿರುತ್ತಾರೆ. ಭಿಕ್ಷುಗಳು ತಮಗೆ ಸಿಕ್ಕಿದ್ದರಲ್ಲೇ ಒಂದಿಷ್ಟು ಅವರಿಗೆ ಹಾಕಿ ಮುಂದೆ ಹೋಗುತ್ತಾರೆ.

ಇಷ್ಟು ನೋಡಿದ ಮೇಲೂ ಹಾಕುವ ಮನಸ್ಸಿದ್ದರೆ, ಉಳಿದುಕೊಂಡ ಮನೆಯವರಿಗೇ ಹೇಳಿ ಅನ್ನ ಮಾಡಿಸಿ. ಪ್ರವಾಸಿಗರಿಗೆಂದೇ ರಸ್ತೆಯಲ್ಲಿ ಮಾರುವ ಅನ್ನ ನನಗಂತೂ ಹಿಡಿಸದು. ಎಷ್ಟೋ ಸಲ ಅದು ಆರಿದ್ದು, ಗಟ್ಟಿಯಾದದ್ದು. ಹೆಗಲು, ಮಂಡಿ ಮುಚ್ಚುವ ಬಟ್ಟೆ ಇರಲಿ. ಹೆಂಗಸರು ಭಿಕ್ಷುಗಳನ್ನು ಮುಟ್ಟುವಂತಿಲ್ಲ. ಫೋಟೋ ದೂರದಿಂದ ತೆಗೆಯಿರಿ, ಫ್ಲ್ಯಾಶ್ ಬೇಡವೇ ಬೇಡ. ಭಿಕ್ಷುವಿನ ಮುಖದ ಮುಂದೆ ಮೊಬೈಲ್ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯುವವರನ್ನು ಕಂಡಿದ್ದೇನೆ. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಯಾರಾದರೂ ಹೀಗೆ ಮಾಡಿದರೆ ಸುಮ್ಮನಿರುತ್ತೇವಾ?

ಪ್ರಶ್ನೆ: ಅಲ್ಲಿನ ಹೊಸ ವರ್ಷ ಎಂದರೆ ಬರೀ ನೀರೆರಚಾಟವೇ? ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದೇ?
– ಶಿವಮೊಗ್ಗದ ಓದುಗರು

ಉತ್ತರ: ಬೀದಿಯಲ್ಲಿ ನೀರೆರಚಾಟವೇ ಜಾಸ್ತಿ. ಹಿಟ್ಟು, ಮಸಿ ಬಳಿಯುವವರೂ ಇದ್ದಾರೆ. ಮೊಬೈಲ್‌ಗೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ, ಬೇಜಾರು ಮಾಡಿಕೊಳ್ಳಬೇಡಿ. ಹಿರಿಯರಿಗೆ ಹೇಳಿ ಮಾಡಿಸಿದ ಜಾಗ ದೇವಸ್ಥಾನದ ಅಂಗಳ. ಅಲ್ಲಿ ನಾಗನ ಆಕಾರದ ಮರದ ದಂಬೆ ಇರುತ್ತದೆ. ಹೂವಿನ ಪರಿಮಳದ ನೀರನ್ನು ಅದಕ್ಕೆ ಸುರಿದರೆ ಹರಿದು ಹೋಗಿ ಬುದ್ಧನ ಮೇಲೆ ಬೀಳುತ್ತದೆ. ನೀವೂ ಸುರಿಯಬಹುದು. ಆ ದಿನಗಳಲ್ಲಿ ಎಲ್ಲೆಲ್ಲೂ ಕಕ್ಕೆ ಹೂವಿನ ಹಳದಿ ಗೊಂಚಲು. ಮೆಕಾಂಗ್ ನದಿಯ ದಂಡೆಯಲ್ಲಿ ಮರಳಿನ ಸ್ತೂಪ ಕಟ್ಟಿ ಬಾವುಟ ಚುಚ್ಚುತ್ತಾರೆ.

ಸರಕಾರಿ ರಜೆ ಏಪ್ರಿಲ್ 14ರಿಂದ 16. ಆದರೆ ಲುವಾಂಗ್ ಪ್ರಬಾಂಗ್‌ನಲ್ಲಿ ಹಬ್ಬ ಇನ್ನೂ ಕೆಲವು ದಿನ ಎಳೆಯುತ್ತದೆ. ಊರಿಗೆ ಹೆಸರು ಕೊಟ್ಟ ‘ಫಾ ಬಾಂಗ್’ ಬುದ್ಧಮೂರ್ತಿಯನ್ನು ಹಳೆಯ ಅರಮನೆಯ ಆವರಣದಿಂದ ವಾಟ್ ಮಾಯ್ ದೇವಸ್ಥಾನಕ್ಕೆ ಮೆರವಣಿಗೆಯಲ್ಲಿ ತರುತ್ತಾರೆ. ಅದಕ್ಕೆ ಜನ ನೀರೆರೆಯುವುದನ್ನು ನೋಡದೆ ವಾಪಸ್ ಬರಬೇಡಿ. ವಾಪಸ್ ಟಿಕೆಟ್ ಎರಡು ದಿನ ಮುಂದಕ್ಕೆ ಹಾಕಿಸಿ.

ಪ್ರಶ್ನೆ: ಲಾವೋಸ್‌ನಲ್ಲಿ ಪರಿಚಯದವರ ಮನೆಯಲ್ಲಿ ಕೈಗೆ ಬಿಳಿ ದಾರ ಕಟ್ಟಿದರು. ಎಷ್ಟು ದಿನ ಇಟ್ಟುಕೊಳ್ಳಬೇಕು?
– ಬೆಂಗಳೂರಿನ ಓದುಗರು

ಉತ್ತರ: ಅದು ‘ಬಾಸಿ’. ಕಡಿಮೆ ಎಂದರೂ 3 ದಿನ ಇರಲಿ. ಆಮೇಲೆ ಗಂಟು ಬಿಚ್ಚಿ ತೆಗೆಯಿರಿ, ಕತ್ತರಿ ಹಾಕಬೇಡಿ. ಮೈಯಲ್ಲಿ 32 ‘ಖ್ವಾನ್’, ಅಂದರೆ ಕಾಯುವ ಜೀವಶಕ್ತಿಗಳು ಇವೆ, ದೂರ ಹೋದವು ವಾಪಸ್ ಬಂದು ಸೇರಲಿ ಎಂದು ಆ ದಾರ. ಬಾಳೆ ಎಲೆಯ ಗೋಪುರಕ್ಕೆ ಚೆಂಡುಹೂ ಸಿಕ್ಕಿಸಿ ನಡುವೆ ಇಟ್ಟಿದ್ದರಲ್ವಾ? ದಾರ ಮೊದಲು ಅದರ ಮೇಲಿರುತ್ತದೆ. ಮಂತ್ರ ಹೇಳುವವರು ಸಾಮಾನ್ಯವಾಗಿ ಊರಿನ ಹಿರಿಯರು. ಇದು ಬೌದ್ಧಧರ್ಮಕ್ಕಿಂತ ಹಳೆಯ ಆಚರಣೆ. ಮದುವೆ, ಬಾಣಂತನ, ಪ್ರಯಾಣ, ಎಲ್ಲದಕ್ಕೂ ಉಂಟು.

ಪ್ರಶ್ನೆ: ಏಪ್ರಿಲ್ ಬಿಟ್ಟರೆ ಯಾವ ತಿಂಗಳು ಒಳ್ಳೆಯದು?
– ಧಾರವಾಡದ ಓದುಗರು

ಉತ್ತರ: ನನ್ನನ್ನು ಕೇಳಿದರೆ ಅಕ್ಟೋಬರ್. ಭಿಕ್ಷುಗಳ ಮೂರು ತಿಂಗಳ ಮಳೆಗಾಲದ ವ್ರತ, ನಮ್ಮ ಚಾತುರ್ಮಾಸದಂಥದ್ದು, ಆಗ ಹುಣ್ಣಿಮೆಗೆ ಮುಗಿಯುತ್ತದೆ. ಲುವಾಂಗ್ ಪ್ರಬಾಂಗ್‌ನಲ್ಲಿ ದೀಪ ಹಚ್ಚಿದ ಕಾಗದದ ದೋಣಿಗಳ ಮೆರವಣಿಗೆ ನಡೆದು, ಅವು ಮೆಕಾಂಗ್‌ಗೆ ಇಳಿಯುತ್ತವೆ. ರಾಜಧಾನಿ ವಿಯೆಂಟಿಯಾನ್‌ನಲ್ಲಿ ಮರುದಿನ ದೋಣಿ ಸ್ಪರ್ಧೆ. ರಜೆ ಸಿಗದಿದ್ದರೆ ನವೆಂಬರ್ ಹುಣ್ಣಿಮೆಗೆ ವಿಯೆಂಟಿಯಾನ್‌ನ ಥಾಟ್ ಲುವಾಂಗ್ ಸ್ತೂಪದ ಜಾತ್ರೆ ಇದೆ. ಹುಣ್ಣಿಮೆ ಪ್ರತಿ ವರ್ಷ ಬೇರೆ ತಾರೀಖಿಗೆ ಬರುತ್ತದೆ, ಕ್ಯಾಲೆಂಡರ್ ನೋಡಿಯೇ ಟಿಕೆಟ್ ಮಾಡಿಸಿ.